ಆಯಸ್ಸು ಮತ್ತು ಆಂಬ್ಯುಲೆನ್ಸ್

ಅತ್ತಿಬೆಲೆ, ಆನೇಕಲ್ ಸೀಮೆಯಲ್ಲಿ ದುಡಿಯುವ ಪ್ರಾಯದ ಗಂಡಸೊಬ್ಬ ಎದೆನೋವೆಂದು ಮಲಗಿದವನು ಏಳದೆ ಹೋದರೆ, ಹಾಲು-ತುಪ್ಪದ ದಿನ ಬಂದವರೆಲ್ಲ ಒಂದೇ ಮಾತು ಹೇಳುತ್ತಾರೆ: ‘ಅವನ ಆಯಸ್ಸು ಅಷ್ಟೇ ಇತ್ತು.’ ಋಣ ತೀರಿತು, ಹಣೆಯಲ್ಲಿ ಬರೆದದ್ದು, ಭಗವಂತ ಕರೆಸಿಕೊಂಡ ಎಂಬ ಮಾತುಗಳೂ ಇದರ ಒಡಹುಟ್ಟುಗಳೇ. ಮಸೀದಿಯ ಓಣಿಯಲ್ಲಿ ಅದು ಅಲ್ಲಾಹನ ಮರ್ಜಿ, ಚರ್ಚಿನ ಅಂಗಳದಲ್ಲಿ ದೇವರ ಚಿತ್ತ. ಈ ಮಾತು ಉಳಿದವರ ದುಃಖಕ್ಕೆ ಆಸರೆಯಾಗುತ್ತದೆ, ಜೊತೆಗೆ ಸಾವಿಗೆ ಒಂದು ಕಾರಣವನ್ನೂ ಹೇಳಿ ಮುಗಿಸುತ್ತದೆ. ಆಸರೆಯ ಬಗ್ಗೆ ತಕರಾರು ತೆಗೆಯಲು ನನಗೆ ಮನಸ್ಸಿಲ್ಲ. ಕಾರಣದ ಬಗ್ಗೆ ತೆಗೆಯಲೇಬೇಕು. ಮುಚ್ಚಿಹೋದ ರಕ್ತನಾಳವನ್ನು ತೆರೆದು ಹೃದಯಕ್ಕೆ ಮತ್ತೆ ರಕ್ತ ಹರಿಸುವ ವಿದ್ಯೆ ಮನುಷ್ಯನ ಕೈಗೆ ಬಂದು ನಾಲ್ಕು ದಶಕ ದಾಟಿದೆ. ಅಂದಿನಿಂದ ಹೃದಯಾಘಾತದ ಅನೇಕ ಸಾವುಗಳಿಗೆ ಈ ವಿವರಣೆ ಹೊಂದುತ್ತಿಲ್ಲ. ಆಸ್ತಿಕರು ಇದನ್ನು ವೈದ್ಯರ ಸೊಕ್ಕಿನ ಮಾತೆಂದು ತಳ್ಳಬೇಕಾಗಿಲ್ಲ. ಆಯಸ್ಸು ನಿಗದಿಯಾಗಿ ಬರುತ್ತದೆಯೇ ಎಂಬುದು ನಮ್ಮ ಹಳೆಯ ಶಾಸ್ತ್ರಕಾರರೇ ಕೇಳಿಕೊಂಡ ಪ್ರಶ್ನೆ. ಅವರು ಕೊಟ್ಟ ಉತ್ತರ ನಾವು ಅವರ ಹೆಸರಿನಲ್ಲಿ ಹೇಳಿಕೊಂಡು ಬಂದದ್ದಕ್ಕಿಂತ ಬೇರೆಯೇ ಇದೆ.

ಮೊದಲು ಒಳಗೆ ನಡೆಯುವುದೇನೆಂದು ನೋಡಬೇಕು. ಹೃದಯದ ಸ್ನಾಯುವಿಗೇ ರಕ್ತ ಒದಗಿಸುವ ಕರೋನರಿ ನಾಳಗಳ ಒಳಗೋಡೆಯಲ್ಲಿ ವರ್ಷಗಟ್ಟಲೆ ಕೊಬ್ಬು ಕೂಡಿಕೊಂಡಿರುತ್ತದೆ. ಒಂದು ಗಳಿಗೆ ಅದು ಬಿರಿಯುತ್ತದೆ, ಬಿರಿದಲ್ಲಿ ರಕ್ತ ಹೆಪ್ಪುಗಟ್ಟುತ್ತದೆ, ನಾಳ ಮುಚ್ಚುತ್ತದೆ, ಅದರಾಚೆಯ ಸ್ನಾಯು ಸಾಯತೊಡಗುತ್ತದೆ. ಹೆಪ್ಪು ಹೃದಯಾಘಾತದ ಕಾರಣವೋ ಪರಿಣಾಮವೋ ಎಂಬ ಬಗ್ಗೆ 1970ರ ದಶಕದವರೆಗೂ ವೈದ್ಯರಲ್ಲೇ ಜಗಳವಿತ್ತು. 1980ರಲ್ಲಿ ಅಮೆರಿಕದ ಮಾರ್ಕಸ್ ಡಿವುಡ್ ಮತ್ತು ಸಂಗಡಿಗರು, ನೋವು ಕಾಣಿಸಿಕೊಂಡ ನಾಲ್ಕು ಗಂಟೆಯೊಳಗೆ ಬಂದ ರೋಗಿಗಳ ನಾಳಗಳ ಚಿತ್ರ ತೆಗೆದಾಗ ನೂರಕ್ಕೆ 87 ಮಂದಿಯಲ್ಲಿ ನಾಳ ಪೂರ್ತಿ ಮುಚ್ಚಿತ್ತು. ಅದಕ್ಕೂ ಮೂರು ವರ್ಷ ಮೊದಲು ರೀಮರ್ ಮತ್ತು ಜೆನ್ನಿಂಗ್ಸ್ ನಾಯಿಗಳ ಮೇಲೆ ಪ್ರಯೋಗ ಮಾಡಿ ಇನ್ನೊಂದು ಸಂಗತಿ ತೋರಿಸಿದ್ದರು. ನಾಳವನ್ನು ಕಟ್ಟಿ 40 ನಿಮಿಷಕ್ಕೆ ಬಿಚ್ಚಿದರೆ ಅಪಾಯದಲ್ಲಿದ್ದ ಸ್ನಾಯುವಿನ ಮೂರನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು ಸತ್ತಿರುತ್ತಿತ್ತು. ಆರು ಗಂಟೆಗೆ ಬಿಚ್ಚಿದರೆ ಮೂರನೆಯ ಎರಡು ಭಾಗಕ್ಕೂ ಹೆಚ್ಚು ಹೋಗಿರುತ್ತಿತ್ತು. ಸ್ನಾಯುವಿನ ಸಾವು ಒಳಪದರದಿಂದ ಹೊರಪದರಕ್ಕೆ ಗಂಟೆಗಟ್ಟಲೆ ಹರಡುತ್ತ ಹೋಗುತ್ತದೆ. ತತ್ತ್ವದ ದೃಷ್ಟಿಯಿಂದ ಇದು ಸಣ್ಣ ವಿಷಯವಲ್ಲ. ನಮ್ಮ ಕಲ್ಪನೆಯ ಯಮ ಒಂದು ಕ್ಷಣದಲ್ಲಿ ಪಾಶ ಬೀಸುತ್ತಾನೆ. ಇಲ್ಲಿ ಕಾಣುವ ಸಾವು ಹಲವು ಗಂಟೆಗಳ ಕೆಲಸ. ಆ ಗಂಟೆಗಳಲ್ಲಿ ರೋಗಿಯ ಸುತ್ತ ಜನರಿರುತ್ತಾರೆ, ಅವರು ಏನಾದರೂ ಮಾಡುತ್ತಿರುತ್ತಾರೆ ಅಥವಾ ಸುಮ್ಮನಿರುತ್ತಾರೆ.

ನಾಳ ತೆರೆಯುವ ದಾರಿ ಎರಡು. ಹೆಪ್ಪನ್ನು ಕರಗಿಸುವ ಇಂಜೆಕ್ಷನ್ ಒಂದು, ತೊಡೆಯಿಂದಲೋ ಮಣಿಕಟ್ಟಿನಿಂದಲೋ ಸಣ್ಣ ಕೊಳವೆ ತೂರಿಸಿ ಬಲೂನ್ ಉಬ್ಬಿಸಿ ಸ್ಟೆಂಟ್ ಕೂರಿಸುವ ಆಂಜಿಯೋಪ್ಲಾಸ್ಟಿ ಇನ್ನೊಂದು. ಆಂಡ್ರಿಯಾಸ್ ಗ್ರುಂಟ್ಸಿಗ್ ಜ್ಯೂರಿಕ್‌ನಲ್ಲಿ ಮೊದಲ ಕರೋನರಿ ಬಲೂನ್ ಉಬ್ಬಿಸಿದ್ದು 1977ರ ಸೆಪ್ಟೆಂಬರ್ 16ರಂದು. ಅದು ಹೃದಯಾಘಾತದ ತುರ್ತಿಗೆ ಒದಗಿದ್ದು ಆಮೇಲೆ. ಅದಕ್ಕೆಲ್ಲ ಮೊದಲಿನ ಚಿಕಿತ್ಸೆ ಏನೆಂದರೆ ವಾರಗಟ್ಟಲೆ ಹಾಸಿಗೆ, ನೋವಿಗೆ ಮಾರ್ಫಿನ್, ಮಿಕ್ಕಿದ್ದು ಪ್ರಾರ್ಥನೆ. ಆಗ ಆಸ್ಪತ್ರೆ ಸೇರಿದವರಲ್ಲೂ ನೂರಕ್ಕೆ ಮೂವತ್ತರಷ್ಟು ಮಂದಿ ಉಳಿಯುತ್ತಿರಲಿಲ್ಲ. ಆ ಕಾಲದಲ್ಲಿ ‘ಆಯಸ್ಸು ಅಷ್ಟೇ’ ಎಂದವರನ್ನು ತಪ್ಪು ಎನ್ನುವುದು ಕಷ್ಟ, ಮಾಡಬಹುದಾದ್ದೇನೂ ಉಳಿದಿರಲಿಲ್ಲ. 1986ರಲ್ಲಿ ಇಟಲಿಯ ಹನ್ನೊಂದು ಸಾವಿರಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದ ‘ಜಿಸ್ಸಿ’ ಅಧ್ಯಯನದ ಫಲ ಹೊರಬಿತ್ತು. ಹೆಪ್ಪು ಕರಗಿಸುವ ಸ್ಟ್ರೆಪ್ಟೊಕೈನೇಸ್ ಕೊಟ್ಟವರಲ್ಲಿ ಸಾವು ಶೇ. 10.7, ಕೊಡದವರಲ್ಲಿ ಶೇ. 13. ಅಂತರ ಸಣ್ಣದೆನಿಸಬಹುದು, ಆದರೆ ಒಳಗಿನ ಲೆಕ್ಕ ನೋಡಿ. ನೋವು ಶುರುವಾದ ಒಂದು ಗಂಟೆಯೊಳಗೆ ಔಷಧ ಸಿಕ್ಕವರಲ್ಲಿ ಸಾವು ಹೆಚ್ಚುಕಡಿಮೆ ಅರ್ಧಕ್ಕಿಳಿದಿತ್ತು. ಮೂರು ಗಂಟೆಯೊಳಗಾದರೆ ಸುಮಾರು ಕಾಲುಭಾಗ ತಗ್ಗಿತ್ತು. ಆರು ಗಂಟೆ ಮೀರಿದವರಿಗೆ ಕೊಟ್ಟರೂ ಕೊಡದಿದ್ದರೂ ಆ ಅಧ್ಯಯನದಲ್ಲಿ ವ್ಯತ್ಯಾಸ ಕಾಣಲಿಲ್ಲ. ಅದೇ ಔಷಧ, ಅದೇ ರೋಗ. ಬದಲಾದದ್ದು ಗಡಿಯಾರ ಒಂದೇ.

ಇದರ ಎರಡು ವರ್ಷಕ್ಕೆ ಬಂದ ‘ಐಸಿಸ್-2’ ಎಂಬ ಅಧ್ಯಯನದಲ್ಲಿ ಹಣೆಬರಹದ ಪ್ರಶ್ನೆಗೆ ನೇರವಾಗಿ ತಾಗುವ ಒಂದು ತಮಾಷೆಯ ಪ್ರಸಂಗವಿದೆ. 17,187 ರೋಗಿಗಳಲ್ಲಿ ಆಸ್ಪಿರಿನ್ ಮತ್ತು ಸ್ಟ್ರೆಪ್ಟೊಕೈನೇಸ್ ಎರಡನ್ನೂ ಪರೀಕ್ಷಿಸಲಾಗಿತ್ತು. ಆಸ್ಪಿರಿನ್ ಒಂದೇ ಸಾವನ್ನು ಶೇ. 23ರಷ್ಟು, ಎರಡೂ ಸೇರಿ ಶೇ. 42ರಷ್ಟು ತಗ್ಗಿಸಿದವು. ಯಾವ ಯಾವ ಗುಂಪಿಗೆ ಎಷ್ಟೆಷ್ಟು ಲಾಭವೆಂದು ಬಿಡಿಸಿ ಹೇಳಿ ಎಂದು ಪತ್ರಿಕೆಯ ಸಂಪಾದಕರು ಒತ್ತಾಯ ಮಾಡಿದಾಗ, ಹಾಗೆ ಸಣ್ಣ ಗುಂಪುಗಳಾಗಿ ಸೀಳಿದರೆ ಕಾಕತಾಳೀಯವೇ ಸತ್ಯದ ವೇಷ ಹಾಕುತ್ತದೆ ಎಂದು ತೋರಿಸಲು ಸಂಶೋಧಕರು ರೋಗಿಗಳನ್ನು ಜನ್ಮರಾಶಿಯ ಪ್ರಕಾರವೂ ವಿಂಗಡಿಸಿ ಅಚ್ಚುಹಾಕಿಸಿದರು. ಪಾಶ್ಚಾತ್ಯ ಪದ್ಧತಿಯ ಮಿಥುನ ಮತ್ತು ತುಲಾ ರಾಶಿಯವರಿಗೆ ಆಸ್ಪಿರಿನ್‌ನಿಂದ ಲಾಭವಿಲ್ಲ, ತುಸು ಹಾನಿಯೇ ಎಂಬಂತೆ ಅಂಕಿ ಬಂತು. ಉಳಿದ ಹತ್ತು ರಾಶಿಗಳಿಗೆ ಭರ್ತಿ ಲಾಭ! ಇದನ್ನು ನಂಬಿ ಮಿಥುನದವರಿಗೆ ಮಾತ್ರೆ ತಪ್ಪಿಸಿದ ವೈದ್ಯರು ಯಾರೂ ಇಲ್ಲ. ನಮ್ಮ ಟಿವಿ ಜ್ಯೋತಿಷಿಗಳ ಕಣ್ಣಿಗೆ ಈ ಪಟ್ಟಿ ಇನ್ನೂ ಬಿದ್ದಿಲ್ಲವೆಂಬುದು ಸಮಾಧಾನದ ವಿಷಯ. ರಾಶಿ ಎಂಬುದು ಹುಟ್ಟಿದ ಗಳಿಗೆಯಲ್ಲೇ ನಿಗದಿಯಾಗುವ ಬರಹ. ಬದುಕುಳಿದವರನ್ನೂ ಸತ್ತವರನ್ನೂ ಆ ಬರಹದ ಪ್ರಕಾರ ಜೋಡಿಸಿದಾಗ ಸಿಕ್ಕಿದ್ದು ಗದ್ದಲ. ‘ಜಿಸ್ಸಿ’ಯವರನ್ನು ನೋವು ಶುರುವಾಗಿ ಎಷ್ಟು ಹೊತ್ತಾಗಿತ್ತು ಎಂಬುದರ ಪ್ರಕಾರ ಜೋಡಿಸಿದಾಗ ಸಿಕ್ಕಿದ್ದು ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಒಂದು ಕ್ರಮ.

ಈಗ ಶಾಸ್ತ್ರದ ಕಡೆ ಬರೋಣ. ಚರಕಸಂಹಿತೆಯ ವಿಮಾನಸ್ಥಾನದ ಮೂರನೆಯ ಅಧ್ಯಾಯದಲ್ಲಿ, ಗಂಗೆಯ ದಡದ ಕಾಂಪಿಲ್ಯದ ಬಳಿ ಶಿಷ್ಯರೊಡನೆ ಸಂಚರಿಸುತ್ತಿದ್ದ ಪುನರ್ವಸು ಆತ್ರೇಯನನ್ನು ಅಗ್ನಿವೇಶ ಇದೇ ಪ್ರಶ್ನೆ ಕೇಳುತ್ತಾನೆ: ಎಲ್ಲರ ಆಯಸ್ಸೂ ಇಷ್ಟೇ ಎಂದು ನಿಗದಿಯಾಗಿ ಬಂದಿರುತ್ತದೆಯೇ? ಗುರು ಹೌದೆನ್ನುವುದಿಲ್ಲ. ಆಯಸ್ಸು ದೈವ ಮತ್ತು ಪುರುಷಕಾರ ಎರಡರ ಮೇಲೂ ನಿಂತಿದೆ, ಯಾವುದು ಬಲವಾಗಿದೆಯೋ ಅದು ಇನ್ನೊಂದನ್ನು ಮೀರುತ್ತದೆ ಎನ್ನುತ್ತಾನೆ. ಹಿಂದಿನ ಜನ್ಮದ ಕರ್ಮ ದೈವ, ಈ ಜನ್ಮದಲ್ಲಿ ಮಾಡುವುದು ಪುರುಷಕಾರ. ಎಲ್ಲವೂ ನಿಗದಿಯಾಗಿದ್ದರೆ ದೀರ್ಘಾಯುಸ್ಸಿಗಾಗಿ ಮಂತ್ರ, ಔಷಧಿ, ಹೋಮ ಯಾವುದನ್ನೂ ಯಾರೂ ಮಾಡುತ್ತಿರಲಿಲ್ಲ, ಮದವೇರಿದ ಆನೆ ಎದುರಾದರೆ ದಾರಿ ಬಿಡುತ್ತಿರಲಿಲ್ಲ ಎಂದು ವಾದ ಹೂಡುತ್ತಾನೆ. ಆಮೇಲೆ ಗಾಡಿಯ ಅಚ್ಚಿನ ಉದಾಹರಣೆ ಕೊಡುತ್ತಾನೆ. ಒಳ್ಳೆಯ ಅಚ್ಚು ಸರಿಯಾಗಿ ನಡೆಸಿದರೆ ಸವೆದು ಸವೆದು ತನ್ನ ಕಾಲಕ್ಕೆ ಮುಗಿಯುತ್ತದೆ, ಅದು ಕಾಲಮೃತ್ಯು. ಅತಿಭಾರ ಹೇರಿದರೆ, ದಾರಿ ಕೆಟ್ಟಿದ್ದರೆ, ಎಣ್ಣೆ ಹಾಕದಿದ್ದರೆ, ಹೊಡೆಯುವವನು ಸರಿಯಿಲ್ಲದಿದ್ದರೆ ನಡುದಾರಿಯಲ್ಲೇ ಮುರಿಯುತ್ತದೆ, ಅದು ಅಕಾಲಮೃತ್ಯು. ಅತ್ತಿಬೆಲೆಯ ಗಡಿಯಲ್ಲಿ ಹಗಲೂ ರಾತ್ರಿ ಸಾಲುಗಟ್ಟುವ ಲಾರಿಗಳ ಚಾಲಕರಿಗೆ ಈ ಮಾತಿನ ಅರ್ಥ ಬಿಡಿಸಿ ಹೇಳುವ ಅಗತ್ಯವಿಲ್ಲ. ಅಚ್ಚು ಮುರಿದಾಗ ‘ಅದರ ಆಯಸ್ಸು ಅಷ್ಟೇ’ ಎಂದು ಹೇಳಿ ಲಾರಿ ಮಾಲೀಕನಿಂದ ತಪ್ಪಿಸಿಕೊಳ್ಳುವುದು ಅವರಿಂದಾಗದು.

ಚರಕ ಒಬ್ಬನೇ ಅಲ್ಲ. ಜೈನರ ತತ್ತ್ವಾರ್ಥಸೂತ್ರ, ಆಯಸ್ಸು ಮೊಟಕಾಗದವರು ಯಾರು ಎಂದು ಎಣಿಸಿ ಹೇಳುತ್ತದೆ: ದೇವತೆಗಳು, ನಾರಕಿಗಳು, ಆ ಜನ್ಮದಲ್ಲೇ ಮೋಕ್ಷ ಪಡೆಯಲಿರುವ ಉತ್ತಮ ದೇಹದವರು, ಎಣಿಸಲಾರದಷ್ಟು ವರ್ಷದ ಆಯಸ್ಸುಳ್ಳವರು. ಮಿಕ್ಕವರ ಆಯಸ್ಸು ಹೊರಗಿನ ಕಾರಣದಿಂದ ಅವಧಿಗೆ ಮುಂಚೆ ತೀರಬಹುದು. ಇಲ್ಲಿನ ಕಾರ್ಖಾನೆಗಳ ಎರಡನೆಯ ಷಿಫ್ಟಿಗೆ ಬಸ್ಸು ಹತ್ತುವವರು ಆ ಮೊದಲ ಪಟ್ಟಿಯಲ್ಲಿ ಬರುವುದಿಲ್ಲ. ಇಸ್ಲಾಮಿನ ಇತಿಹಾಸದಲ್ಲಿ ಖಲೀಫ ಉಮರ್ ಸಿರಿಯಾದತ್ತ ಹೊರಟವರು ಅಲ್ಲಿ ಪಿಡುಗು ಹಬ್ಬಿದೆಯೆಂದು ತಿಳಿದು ದಾರಿಯಲ್ಲೇ ಹಿಂದಿರುಗಿದ ಪ್ರಸಂಗ ಪ್ರಸಿದ್ಧ. ಅಲ್ಲಾಹನ ವಿಧಿಯಿಂದ ಓಡಿಹೋಗುತ್ತಿದ್ದೀರಾ ಎಂದು ಸಂಗಡಿಗನೊಬ್ಬ ಕೇಳಿದಾಗ, ಒಂದು ವಿಧಿಯಿಂದ ಅಲ್ಲಾಹನದೇ ಇನ್ನೊಂದು ವಿಧಿಯ ಕಡೆಗೆ ಎಂದು ಉತ್ತರಿಸಿದರಂತೆ. ನಮ್ಮ ದೇವಸ್ಥಾನಗಳಲ್ಲಿ ತೀರ್ಥ ಕೊಡುವಾಗ ಅರ್ಚಕರು ಅಕಾಲಮೃತ್ಯು ದೂರವಾಗಲೆಂದೇ ಮಂತ್ರ ಹೇಳುತ್ತಾರೆ. ಸಾವಿಗೆ ಅಕಾಲವೆಂಬುದೇ ಇಲ್ಲದಿದ್ದರೆ ಆ ಬೇಡಿಕೆಗೆ ಅರ್ಥವಿರುತ್ತಿರಲಿಲ್ಲ. ಹಾಗಿದ್ದೂ ತೀರ್ಥ ತೆಗೆದುಕೊಂಡ ಕೈಯಲ್ಲೇ ನಾವು ಸಾವಿನ ಮನೆಯಲ್ಲಿ ಎಲ್ಲವೂ ಕಾಲಕ್ಕೆ ಸರಿಯಾಗಿ ಆಯಿತೆಂದು ಕೈ ತೊಳೆದುಕೊಳ್ಳುತ್ತೇವೆ.

ದೈವ, ಪುರುಷಕಾರಗಳ ತೂಕ ಎಷ್ಟೆಷ್ಟು ಎಂದು ಆತ್ರೇಯ ಅಳೆದಿರಲಿಲ್ಲ. ಹೊಸೂರು ರಸ್ತೆಗೆ ಹತ್ತಿರದಲ್ಲೇ ಇರುವ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡೆನಿಸ್ ಝೇವಿಯರ್, ಪ್ರೇಮ್ ಪೈಸ್ ಮೊದಲಾದವರು ಅದರ ಹತ್ತಿರ ಬಂದರು. ದೇಶದ 50 ನಗರಗಳ 89 ಆಸ್ಪತ್ರೆಗಳಿಂದ ಇಪ್ಪತ್ತು ಸಾವಿರಕ್ಕೂ ಹೆಚ್ಚು ಹೃದ್ರೋಗಿಗಳನ್ನು ದಾಖಲಿಸಿದ ‘ಕ್ರಿಯೇಟ್’ ಅಧ್ಯಯನ 2008ರಲ್ಲಿ ಪ್ರಕಟವಾಯಿತು. ತಿಂಗಳೊಳಗೆ ಸತ್ತವರು ಶ್ರೀಮಂತರಲ್ಲಿ ಶೇ. 5.5, ಬಡವರಲ್ಲಿ ಶೇ. 8.2. ಆಂಜಿಯೋಪ್ಲಾಸ್ಟಿ ಮಾಡಿಸಿಕೊಂಡವರು ಶ್ರೀಮಂತರಲ್ಲಿ ಶೇ. 15.3, ಬಡವರಲ್ಲಿ ಶೇ. 2. ಇಷ್ಟಾದರೂ ಬಡವನ ಕರ್ಮವೇ ಹಾಗೆ, ಬಡತನವೂ ಪ್ರಾರಬ್ಧ, ಸಾವೂ ಪ್ರಾರಬ್ಧ ಎನ್ನಬಹುದಿತ್ತು. ಸಂಶೋಧಕರು ಇನ್ನೊಂದು ಲೆಕ್ಕ ಮಾಡಿದರು. ಯಾರಿಗೆ ಯಾವ ಚಿಕಿತ್ಸೆ ಸಿಕ್ಕಿತು ಎಂಬ ವ್ಯತ್ಯಾಸವನ್ನು ಸರಿದೂಗಿಸಿ ನೋಡಿದಾಗ ಬಡವ-ಬಲ್ಲಿದರ ಸಾವಿನ ಅಂತರ ಮಾಯವಾಯಿತು. ವಯಸ್ಸು, ಸಕ್ಕರೆ ಕಾಯಿಲೆ, ಬೀಡಿ-ಸಿಗರೇಟುಗಳನ್ನು ಸರಿದೂಗಿಸಿದಾಗ ಅದು ಮಾಯವಾಗಿರಲಿಲ್ಲ. ಎಂದರೆ ಬಡವನ ಹೃದಯದಲ್ಲಿ ಬೇರೆ ಬರಹವೇನೂ ಇರಲಿಲ್ಲ, ಅವನಿಗೆ ಸಿಕ್ಕ ಔಷಧಿ ಬೇರೆಯಿತ್ತು. ಕರ್ಮಸಿದ್ಧಾಂತವನ್ನು ಗೌರವದಿಂದ ನೋಡುವವರೂ ಈ ಒಂದು ಫಲಿತಾಂಶದ ಮುಂದೆ ನಿಂತು ಯೋಚಿಸಬೇಕು. ವಿಧಿ ಎಂದು ನಾವು ಕರೆಯುತ್ತಿದ್ದುದರ ಒಂದು ದೊಡ್ಡ ಪಾಲು ಔಷಧಿ ಅಂಗಡಿಯ ಬಿಲ್ಲಿನಲ್ಲಿತ್ತು.

ಅದೇ ಅಧ್ಯಯನದಲ್ಲಿ ಅತ್ತಿಬೆಲೆಗೆ ತೀರಾ ಹೊಂದುವ ಮತ್ತೊಂದು ಅಂಕಿಯಿದೆ. ನಾಳ ಪೂರ್ತಿ ಮುಚ್ಚಿದ ರೋಗಿಗಳು ನೋವು ಶುರುವಾದ ಮೇಲೆ ಆಸ್ಪತ್ರೆಯ ಬಾಗಿಲು ಮುಟ್ಟಲು ತೆಗೆದುಕೊಂಡ ನಡುಮಟ್ಟದ ಸಮಯ 300 ನಿಮಿಷ. ಒಳಗೆ ಬಂದ ಮೇಲೆ ಹೆಪ್ಪು ಕರಗಿಸುವ ಇಂಜೆಕ್ಷನ್ ಬೀಳಲು 50 ನಿಮಿಷ. ಸೋಲು ಬಹುಮಟ್ಟಿಗೆ ಬಾಗಿಲಿನ ಹೊರಗೇ ಆಗುತ್ತಿತ್ತು. ಅತ್ತಿಬೆಲೆಯನ್ನು ಕುಗ್ರಾಮವೆನ್ನಲು ಬರುವುದಿಲ್ಲ. ರಾಷ್ಟ್ರೀಯ ಹೆದ್ದಾರಿ 44ರ ಮೇಲೆ ಕೂತಿದೆ, ದೇಶದ ದೊಡ್ಡ ಹೃದ್ರೋಗ ಆಸ್ಪತ್ರೆಗಳಲ್ಲಿ ಒಂದಾದ ನಾರಾಯಣ ಹೃದಯಾಲಯ ಬೊಮ್ಮಸಂದ್ರದಲ್ಲಿ, ಸುಮಾರು ಹತ್ತು ಕಿಲೋಮೀಟರ್ ದೂರದಲ್ಲಿದೆ. ಇನ್ನೊಂದು ದಿಕ್ಕಿಗೆ ಹೊಸೂರು ಅದಕ್ಕಿಂತಲೂ ಹತ್ತಿರ, ಆದರೆ ಅಲ್ಲಿ ರಾಜ್ಯ ಬದಲಾಗುತ್ತದೆ, ರಾಜ್ಯ ಬದಲಾದರೆ ಕಾರ್ಡು, ಯೋಜನೆ, ಕಾಗದಪತ್ರ ಎಲ್ಲವೂ ಬದಲಾಗುತ್ತವೆ. ಹತ್ತು ಕಿಲೋಮೀಟರಿನ ಈ ದಾರಿ ಐದು ಗಂಟೆಯದಾಗುವುದು ಹೇಗೆಂದು ಈ ಕೈಗಾರಿಕಾ ಪಟ್ಟಿಯನ್ನು ಬಲ್ಲವರಿಗೆ ಗೊತ್ತು. ಮೊದಲು ಅದು ‘ಗ್ಯಾಸ್ಟ್ರಿಕ್’ ಆಗುತ್ತದೆ: ಒಂದು ಸೋಡಾ, ಒಂದು ಈನೋ, ಜೀರಿಗೆ ನೀರು. ಆಮೇಲೆ ಷಿಫ್ಟು ಮುಗಿಯಲಿ ಎಂಬ ಯೋಚನೆ, ನಡುವೆ ಎದ್ದುಹೋದರೆ ಕಾಂಟ್ರಾಕ್ಟರ್ ನಾಳೆಯ ಹಾಜರಿ ಏನು ಮಾಡುತ್ತಾನೋ ಎಂಬ ಭಯ. ಒಡಿಶಾದಿಂದಲೋ ರಾಯಚೂರಿನಿಂದಲೋ ಬಂದು ಕೊಠಡಿಯಲ್ಲಿ ನಾಲ್ವರ ಜೊತೆ ಇರುವವನಿಗೆ ಯಾರನ್ನು ಕೇಳಬೇಕೆಂದೇ ತಿಳಿಯದು. ಇಎಸ್‌ಐ ಇದ್ದವನಿಗೆ ಯಾವ ಆಸ್ಪತ್ರೆ ನಡೆಯುತ್ತದೆ ಎಂಬ ಗೊಂದಲ, ಇಲ್ಲದವನಿಗೆ ಎಷ್ಟಾಗುತ್ತದೋ ಎಂಬ ಅಂಜಿಕೆ. ಪಕ್ಕದ ಕ್ಲಿನಿಕ್ಕಿನಲ್ಲಿ ಒಂದು ಇಂಜೆಕ್ಷನ್ ಚುಚ್ಚಿಸಿಕೊಂಡು ಮನೆಗೆ ಹೋಗಿ ಮಲಗುವುದು ಕೊನೆಯ ಹಂತ. ಇಷ್ಟೆಲ್ಲ ದಾಟಿದವನಿಗೆ ಚಂದಾಪುರದ ಟ್ರಾಫಿಕ್ಕು ಕಾದಿರುತ್ತದೆ.

ಇಲ್ಲಿಯೇ ನನ್ನ ವಾದದ ತಿರುಳಿದೆ. ದೈವ-ಪುರುಷಕಾರದ ಚರ್ಚೆಯನ್ನು ನಾವು ಯಾವಾಗಲೂ ಒಬ್ಬ ವ್ಯಕ್ತಿಯ ಲೆಕ್ಕದಲ್ಲೇ ಮಾಡಿಕೊಂಡು ಬಂದಿದ್ದೇವೆ. ಅವನ ಕರ್ಮ, ಅವನ ಪ್ರಯತ್ನ, ಅವನ ಫಲ. ಯೋಗವಾಸಿಷ್ಠ ದೈವವನ್ನೇ ಅಲ್ಲಗಳೆದು ಪೌರುಷವನ್ನು ಹೊಗಳುವಾಗಲೂ ಮಾತು ಸಾಧಕನೊಬ್ಬನ ಪೌರುಷದ್ದೇ. ಹೃದಯಾಘಾತ ಆ ಲೆಕ್ಕವನ್ನು ಕೆಡಿಸುತ್ತದೆ. ನಾಳ ಮುಚ್ಚಿದವನು ಪ್ರಯತ್ನ ಮಾಡುವಂತಿಲ್ಲ, ಮೆಟ್ಟಿಲು ಹತ್ತಬಾರದು, ಬೈಕು ಓಡಿಸಬಾರದು, ಏದುಸಿರು ಬಿಡುವ ಕೆಲಸ ಯಾವುದನ್ನೂ ಮಾಡಬಾರದು. ಅವನನ್ನು ಉಳಿಸುವ ಪುರುಷಕಾರ ಪೂರ್ತಿ ಬೇರೆಯವರದು. ಕೆಲಸ ಬಿಡಿಸಿ ಕಳಿಸುವ ಸೂಪರ್‌ವೈಸರ್, ದಾರಿ ಬಿಡುವ ಲಾರಿ, 108ರ ಚಾಲಕ, ಹತ್ತು ನಿಮಿಷದಲ್ಲಿ ಇಸಿಜಿ ತೆಗೆಯುವ ನರ್ಸ್, ನಡುರಾತ್ರಿ ಆಂಜಿಯೋಪ್ಲಾಸ್ಟಿ ಮಾಡುವ ಕ್ಯಾತ್ ಲ್ಯಾಬಿಗೆ ಓಡಿಬರುವ ತಂಡ, ಔಷಧಿಗೆ ಬಜೆಟ್ಟಿನಲ್ಲಿ ದುಡ್ಡಿಡುವ ಸರ್ಕಾರ. ಇವರು ಮಾಡಿದ್ದು, ಮಾಡದೆ ಬಿಟ್ಟದ್ದು ಅವನ ಪಾಲಿಗೆ ದೈವವಾಗಿ ಬಂದು ಕೂರುತ್ತದೆ. ಒಬ್ಬನ ಹಣೆಬರಹವೆಂದರೆ ಬಹುಪಾಲು ಮಿಕ್ಕವರ ನಡತೆ. ಇದು ಹೊಸ ಕಾಲದ ಸಮಾಜವಾದವೆಂದು ಯಾರಾದರೂ ಹೇಳಿದರೆ ಮತ್ತೆ ಚರಕನ ಅದೇ ಅಧ್ಯಾಯವನ್ನು ತೆಗೆಯಬೇಕು. ಬೇರೆ ಬೇರೆ ಪ್ರಕೃತಿಯ, ಬೇರೆ ಬೇರೆ ವಯಸ್ಸಿನ ಜನ ಒಂದೇ ಕಾಲಕ್ಕೆ ಒಂದೇ ರೋಗದಿಂದ ಸಾಯುವುದೇಕೆ ಎಂಬುದು ಅಲ್ಲಿನ ಮೂಲ ಪ್ರಶ್ನೆ. ಗಾಳಿ, ನೀರು, ನೆಲ, ಕಾಲ ಕೆಡುವುದರಿಂದ ಎನ್ನುತ್ತಾನೆ ಆತ್ರೇಯ. ಅವು ಕೆಡುವುದಕ್ಕೆ ಬೇರು ಅಧರ್ಮ. ಆ ಅಧರ್ಮ ಶುರುವಾಗುವುದು ದೇಶ, ನಗರ, ವರ್ತಕರ ಕೂಟಗಳ ಮುಖ್ಯಸ್ಥರು ಧರ್ಮ ತಪ್ಪಿದಾಗ. ಸಾಯುವವನ ಹಿಂದಿನ ಜನ್ಮವನ್ನು ಕೆದಕುವ ಮೊದಲು ಆತ್ರೇಯ ಊರಿನ ಯಜಮಾನರನ್ನು ಹಿಡಿದು ಕೇಳುತ್ತಾನೆ.

ಆಕ್ಷೇಪಗಳಿವೆ, ಕೆಲವು ಗಟ್ಟಿಯಾದವೇ. ಆಂಬ್ಯುಲೆನ್ಸ್ ಬಂದದ್ದೂ ಅವನ ಕರ್ಮಫಲವೇ, ಬಾರದಿದ್ದದ್ದೂ ಕರ್ಮಫಲವೇ, ಹೀಗಿರುವಾಗ ವಿಧಿ ಸುಳ್ಳಾದದ್ದೆಲ್ಲಿ ಎಂದು ಕೇಳಬಹುದು. ಈ ವಾದವನ್ನು ಸೋಲಿಸಲು ಆಗುವುದಿಲ್ಲ, ಏಕೆಂದರೆ ಏನೇ ನಡೆದರೂ ಅದು ಹೌದೆನ್ನುತ್ತದೆ. ಆದರೆ ಹಾಗೆ ಎಲ್ಲಕ್ಕೂ ಹೊಂದುವ ವಾದಕ್ಕೆ ಬೆಲೆಯೊಂದಿದೆ: ಮುಂದೇನು ಮಾಡಬೇಕೆಂದು ಅದು ಹೇಳಲಾರದು. ಪ್ರಾಚೀನ ಗ್ರೀಕರಲ್ಲಿ ಇದಕ್ಕೆ ಸೋಮಾರಿಯ ವಾದವೆಂಬ ಹೆಸರೇ ಇತ್ತು, ಅವರು ಕೊಡುತ್ತಿದ್ದ ಉದಾಹರಣೆಯೂ ರೋಗಿಯದೇ. ವಾಸಿಯಾಗುವುದು ವಿಧಿಯಲ್ಲಿದ್ದರೆ ವೈದ್ಯನನ್ನು ಕರೆದರೂ ವಾಸಿ, ಕರೆಯದಿದ್ದರೂ ವಾಸಿ, ಆದ್ದರಿಂದ ಕರೆಯಬೇಡ. ವಿಧಿಯನ್ನು ಪೂರ್ತಿ ನಂಬಿದ್ದ ಸ್ಟೋಯಿಕ್ ದಾರ್ಶನಿಕ ಕ್ರಿಸಿಪ್ಪಸ್‌ನೇ ಇದನ್ನು ಒಪ್ಪಲಿಲ್ಲ. ವಾಸಿಯಾಗುವುದು ವಿಧಿಯಾದರೆ ವೈದ್ಯನನ್ನು ಕರೆಯುವುದೂ ಅದರ ಜೊತೆಗೇ ಹೆಣೆದ ವಿಧಿ ಎಂದ. ವಿಧಿಯನ್ನು ಎಷ್ಟು ಬೇಕಾದರೂ ನಂಬಿ, ಫೋನ್ ಮಾಡುವ ಕೆಲಸ ನಿಮ್ಮ ಕೈಯಲ್ಲೇ ಉಳಿಯುತ್ತದೆ.

ಹೊತ್ತಿಗೆ ಸರಿಯಾಗಿ ಬಂದವರೂ ಸಾಯುತ್ತಾರಲ್ಲ, ಎರಡು ದಿನ ತಡವಾಗಿ ಬಂದವರೂ ಬದುಕುತ್ತಾರಲ್ಲ ಎಂಬುದು ಇನ್ನೊಂದು ಆಕ್ಷೇಪ. ನಿಜ. ಔಷಧಿ ಸಿಕ್ಕವರಲ್ಲೂ ಶೇ. 10.7 ಮಂದಿ ಸತ್ತರೆಂದು ‘ಜಿಸ್ಸಿ’ಯೇ ಹೇಳುತ್ತದೆ. ಕೆಲವರಲ್ಲಿ ನಾಳ ಮುಚ್ಚಿದ ನಿಮಿಷಗಳಲ್ಲೇ ಬಡಿತದ ತಾಳ ಕೆಟ್ಟು ಹೃದಯ ನಿಲ್ಲುತ್ತದೆ. ಪಕ್ಕದಲ್ಲಿದ್ದವರು ಎದೆ ಒತ್ತಿ, ಯಾರಾದರೂ ವಿದ್ಯುತ್ ಆಘಾತ ಕೊಡದ ಹೊರತು ಅವರಿಗೆ ಯಾವ ಆಸ್ಪತ್ರೆಯೂ ಎಟುಕುವುದಿಲ್ಲ. ರಕ್ತ ಮರಳಿ ಹರಿದಾಗ ಆ ಹರಿವಿನಿಂದಲೇ ಸ್ನಾಯುವಿಗೆ ಪೆಟ್ಟಾಗುವುದೂ ಉಂಟು. ಆ ಉಳಿಕೆಯನ್ನು ದೈವವೆಂದು ಕರೆಯಲು ನನ್ನ ವಿರೋಧವಿಲ್ಲ. ಹೊತ್ತು ಮೀರಿದ ಮೇಲೆ ಮನುಷ್ಯಪ್ರಯತ್ನಕ್ಕೂ ಮಿತಿಯಿದೆ ಎನ್ನುವುದನ್ನು ವೈದ್ಯಶಾಸ್ತ್ರ ತಾನೇ ಒಪ್ಪಿಕೊಂಡಿದೆ. ಹೃದಯಾಘಾತವಾಗಿ ಮೂರರಿಂದ 28 ದಿನ ಕಳೆದ, ಸ್ಥಿರವಾಗಿದ್ದ ರೋಗಿಗಳ ಮುಚ್ಚಿದ ನಾಳ ತೆರೆದರೆ ಸಾವಾಗಲಿ ಮರು ಆಘಾತವಾಗಲಿ ತಗ್ಗುವುದಿಲ್ಲವೆಂದು 2006ರ ‘ಓಟ್’ ಅಧ್ಯಯನ ತೋರಿಸಿತು. ದೈವಕ್ಕೆ ಪಾಲಿಲ್ಲವೆಂದು ನಾನು ಹೇಳುತ್ತಿಲ್ಲ, ಪುರುಷಕಾರ ತನ್ನ ಪಾಲನ್ನು ತೀರಿಸುವ ಮೊದಲೇ ದೈವದ ಖಾತೆಗೆ ಬರೆಯಬಾರದು ಎನ್ನುತ್ತಿದ್ದೇನೆ. ಇಸಿಜಿಯೇ ತೆಗೆಯದೆ ಸತ್ತವನ ವಿಷಯದಲ್ಲಿ ದೈವದ ಪಾಲೆಷ್ಟು ಎಂದು ಹೇಳುವ ಹಕ್ಕು ಯಾರಿಗೂ ಬಂದಿರುವುದಿಲ್ಲ.

ವೈರಾಗ್ಯದ ಕಡೆಯಿಂದ ಬರುವ ಮಾತೂ ಇದೆ. ದೇಹಕ್ಕೆ ಇಷ್ಟು ಜೋತುಬೀಳುವುದೇಕೆ, ಸ್ಟೆಂಟ್ ಎಂಬುದೊಂದು ವ್ಯಾಪಾರವಲ್ಲವೇ? ವ್ಯಾಪಾರ ನಡೆದದ್ದು ಸುಳ್ಳಲ್ಲ. 2017ರ ಫೆಬ್ರುವರಿಯಲ್ಲಿ ಔಷಧ ಲೇಪಿತ ಸ್ಟೆಂಟಿಗೆ 29,600 ರೂಪಾಯಿಯ ಮಿತಿ ಹಾಕಿ ಕೇಂದ್ರದ ಬೆಲೆ ಪ್ರಾಧಿಕಾರ ಮಧ್ಯೆ ಬರಬೇಕಾಯಿತು. ಸ್ಥಿರವಾಗಿರುವ ಬ್ಲಾಕುಗಳಿಗೆ ಸ್ಟೆಂಟ್ ಹಾಕುವುದರಿಂದ ಒಳ್ಳೆಯ ಔಷಧಿಗಿಂತ ಹೆಚ್ಚಾಗಿ ಆಯಸ್ಸೇನೂ ಬೆಳೆಯುವುದಿಲ್ಲವೆಂದು 2007ರ ‘ಕರೇಜ್’, ಆಮೇಲಿನ ‘ಇಸ್ಕೀಮಿಯಾ’ ಅಧ್ಯಯನಗಳು ತೋರಿಸಿವೆ. ತಪಾಸಣೆಯಲ್ಲಿ ಸಿಕ್ಕ ಬ್ಲಾಕಿಗೆ ಹೆದರಿ ಹೊಲ ಮಾರುವವರು ಈ ಮಾತನ್ನು ಕೇಳಿಸಿಕೊಳ್ಳಲಿ. ನಾಳ ಈಗತಾನೇ ಮುಚ್ಚಿ ಸ್ನಾಯು ಸಾಯುತ್ತಿರುವ ಸಂಗತಿ ಪೂರ್ತಿ ಬೇರೆ, ಅಲ್ಲಿ ತೆರೆಯುವುದು ಪ್ರಾಣ ಉಳಿಸುತ್ತದೆ. ಇನ್ನು ವೈರಾಗ್ಯ. ಅದು ತನ್ನ ದೇಹದ ಬಗ್ಗೆ ತಾನೇ ತಾಳುವ ನಿಲುವು. ಜೈನರಲ್ಲಿ ಉಪವಾಸದಿಂದ ದೇಹ ಬಿಡುವ ಸಲ್ಲೇಖನ ಹಿಡಿಯುವವನೂ ಗುರುವಿನ ಅಪ್ಪಣೆ ಪಡೆದು ತನ್ನ ಇಚ್ಛೆಯಿಂದ ಹಿಡಿಯುತ್ತಾನೆ. ಪಕ್ಕದ ಮಷೀನಿನವನ ಎದೆನೋವಿನ ಬಗ್ಗೆ ನಾನು ವೈರಾಗ್ಯ ತಾಳಿದರೆ ಅದಕ್ಕೆ ನಮ್ಮ ಭಾಷೆಯಲ್ಲಿ ಬೇರೆಯೇ ಹೆಸರಿದೆ.

ನನ್ನನ್ನು ಹೆಚ್ಚು ತಡೆಯುವ ಆಕ್ಷೇಪ ಕೊನೆಯದು, ಅದು ದುಃಖಿತರ ಪರವಾಗಿ ಬರುವಂಥದು. ‘ಆಯಸ್ಸು ಅಷ್ಟೇ’ ಎಂಬುದನ್ನು ಕಿತ್ತುಕೊಂಡರೆ ಜೀರಿಗೆ ನೀರು ಕೊಟ್ಟ ಹೆಂಡತಿಗೆ, ಬೆಳಗಾಗಲಿ ಎಂದ ಮಗನಿಗೆ ಉಳಿಯುವುದೇನು? ಜೀವಮಾನವಿಡೀ ತಾನೇ ಕೊಂದೆನೆಂಬ ಕೊರಗು. ಹೆದರಿಕೆಯೂ ಬೆಳೆಯುತ್ತದೆ. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೆಯ ವಯಸ್ಸಿಗೆ ತೀರಿಕೊಂಡಾಗ, 2025ರ ಬೇಸಿಗೆ ಮುಗಿಯುತ್ತಿದ್ದಂತೆ ಹಾಸನ ಜಿಲ್ಲೆಯ ಹೃದಯಾಘಾತದ ಸಾವುಗಳ ಸುದ್ದಿ ದಿನವೂ ಬರತೊಡಗಿದಾಗ, ಜಯದೇವ ಆಸ್ಪತ್ರೆಯ ಮುಂದೆ ಆರೋಗ್ಯವಂತರ ಸಾಲೇ ನಿಂತಿತು. ಇದಕ್ಕೆ ನನ್ನ ಉತ್ತರವಿಷ್ಟು. ಹೊಣೆ ಹೊರಿಸುವುದು ತಿಳಿವಳಿಕೆ ಮತ್ತು ಅಧಿಕಾರ ಇದ್ದಷ್ಟಕ್ಕೆ. ಗ್ಯಾಸ್ಟ್ರಿಕ್ ಎಂದು ಭಾವಿಸಿದ ಹೆಂಡತಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಆಕೆಯ ಮೇಲೆ ಪಾಪ ಹೊರಿಸುವುದು ಅಧರ್ಮ. ಆಕೆಗೆ ನೆರೆಯವರು ‘ಆಯಸ್ಸು ಅಷ್ಟೇ ಇತ್ತಮ್ಮ’ ಎನ್ನಲಿ, ಆ ಮಾತು ಅಲ್ಲಿ ಕರುಣೆ. ಅದೇ ಮಾತನ್ನು ಕಾರ್ಖಾನೆಯ ಎಚ್‌ಆರ್ ವಿಭಾಗ ಹೇಳಿದರೆ, ಆರೋಗ್ಯ ಇಲಾಖೆ ಹೇಳಿದರೆ, ಚುನಾಯಿತ ಪ್ರತಿನಿಧಿ ಬಂದು ಹೂವಿನ ಹಾರ ಇಟ್ಟು ಹೇಳಿದರೆ ಅದು ನುಣುಚಿಕೊಳ್ಳುವಿಕೆ. ಒಂದೇ ವಾಕ್ಯ ಯಾರ ಬಾಯಲ್ಲಿದೆ ಎಂಬುದರ ಮೇಲೆ ಧರ್ಮವೂ ಆಗುತ್ತದೆ, ಅಧರ್ಮವೂ ಆಗುತ್ತದೆ.

ಕರ್ನಾಟಕದಲ್ಲಿ ಈ ದಿಕ್ಕಿನ ಕೆಲಸ ನಡೆದೇ ಇಲ್ಲವೆಂದರೆ ತಪ್ಪಾಗುತ್ತದೆ. ಪುನೀತ್ ಹೆಸರಿನ ‘ಹೃದಯ ಜ್ಯೋತಿ’ ಯೋಜನೆ 2023ರ ನವೆಂಬರ್‌ನಲ್ಲಿ ಶುರುವಾಯಿತು. ಜಿಲ್ಲಾ ಮತ್ತು ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೂರದಲ್ಲೇ ಓದಿ ಹೇಳುವ ವ್ಯವಸ್ಥೆ ಮಾಡಿ, ಖಾಸಗಿಯಾಗಿ ಕೊಂಡರೆ ಹತ್ತಾರು ಸಾವಿರ ರೂಪಾಯಿ ಬೀಳುವ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ನನ್ನು ಅಲ್ಲೇ ಉಚಿತವಾಗಿ ಕೊಟ್ಟು, ಆಮೇಲೆ ಜಯದೇವದಂಥ ದೊಡ್ಡ ಆಸ್ಪತ್ರೆಗೆ ಕಳಿಸುವುದು ಅದರ ಕ್ರಮ. ‘ಮೊದಲು ಚಿಕಿತ್ಸೆ, ಆಮೇಲೆ ಹಣ’ ಎಂದು ಜಯದೇವವನ್ನು ವರ್ಷಗಟ್ಟಲೆ ನಡೆಸಿದ ಡಾ. ಸಿ.ಎನ್. ಮಂಜುನಾಥ್ 2024ರಿಂದ ಆನೇಕಲ್ ಸೇರಿದ ಬೆಂಗಳೂರು ಗ್ರಾಮಾಂತರ ಕ್ಷೇತ್ರದ ಸಂಸದರು. ಹೃದ್ರೋಗ ತಜ್ಞನನ್ನೇ ದಿಲ್ಲಿಗೆ ಕಳಿಸಿದ ಅತ್ತಿಬೆಲೆಗೆ ಅವರನ್ನು ಈ ಬಗ್ಗೆ ಕೇಳುವ ಹಕ್ಕು ಮಿಕ್ಕವರಿಗಿಂತ ತುಸು ಹೆಚ್ಚೇ ಇದೆ. 500ಕ್ಕಿಂತ ಹೆಚ್ಚು ಕಾರ್ಮಿಕರಿದ್ದಲ್ಲಿ ಆಂಬ್ಯುಲೆನ್ಸ್ ಕೋಣೆ ಇರಬೇಕೆಂದು 1948ರ ಕಾರ್ಖಾನೆ ಕಾಯ್ದೆಯಲ್ಲೇ ಬರೆದಿತ್ತು, ಆದರೆ ಇಲ್ಲಿನ ಶೆಡ್ಡುಗಳಲ್ಲಿ ಹೆಚ್ಚಿನವು ಆ ಸಂಖ್ಯೆ ಮುಟ್ಟದ ಸಣ್ಣ ಘಟಕಗಳು. ಹತ್ತಿಪ್ಪತ್ತು ಶೆಡ್ಡುಗಳು ಸೇರಿ ಒಂದು ಇಸಿಜಿ ಯಂತ್ರ, ಅದನ್ನು ತೆಗೆಯಲು ಬರುವ ಒಬ್ಬರು, ನಿಂತ ಒಂದು ವಾಹನ ಇಟ್ಟುಕೊಳ್ಳುವುದಕ್ಕೆ ಯಾವ ಕಾಯ್ದೆಯೂ ಅಡ್ಡ ಬರುವುದಿಲ್ಲ. ಜಾತ್ರೆಗೆ, ಉರುಸಿಗೆ, ಕ್ರಿಸ್‌ಮಸ್ಸಿಗೆ ಚಂದಾ ಎತ್ತುವ ಸಮಿತಿಗಳು ಆ ಪಟ್ಟಿಯಲ್ಲಿ ಇದನ್ನೂ ಒಂದು ಬಾಬತ್ತಾಗಿ ಸೇರಿಸಿಕೊಳ್ಳಬಹುದು. ಓದುಗರು ಇಂದೇ ವಿಚಾರಿಸಿ ಇಟ್ಟುಕೊಳ್ಳಬೇಕಾದದ್ದು ಮೂರು ಸಂಗತಿ: ರಾತ್ರಿ ಎರಡು ಗಂಟೆಗೆ ನಿಮ್ಮ ಬೀದಿಗೆ ಹತ್ತಿರದಲ್ಲಿ ಇಸಿಜಿ ಎಲ್ಲಿ ತೆಗೆಯುತ್ತಾರೆ, ಅದನ್ನು ಓದುವವರು ಯಾರು, ಹೆಪ್ಪು ಕರಗಿಸುವ ಇಂಜೆಕ್ಷನ್ ಯಾವ ಆಸ್ಪತ್ರೆಯಲ್ಲಿ ದಾಸ್ತಾನಿದೆ.